ಅರ್ಧ ಸುತ್ತು ಸಡಿಲ

ನಮ್ಮ ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥೆ ಯಾವ ಮುಚ್ಚಳವನ್ನೂ ಬಿಗಿಯಾಗಿ ಬಿಟ್ಟವರಲ್ಲ. ನೀರಿನ ಬಾಟಲಿಯಾಗಲಿ, ಊಟದ ಡಬ್ಬಿಯಾಗಲಿ, ಮುಚ್ಚಿದ ಮರುಕ್ಷಣವೇ ಅರ್ಧ ಸುತ್ತು ಹಿಂದಕ್ಕೆ ತಿರುಗಿಸುವುದು ಆ ಬೆರಳುಗಳಿಗೆ ಅಂಟಿದ ಚಾಳಿ. ಅದರ ಫಲವಾಗಿ ಆಕೆಯ ಚೀಲ ಸದಾ ಒದ್ದೆ, ಚೀಲ ತಾಗುವ ಕಡೆ ಬಿಳಿ ಕೋಟಿಗೊಂದು ಶಾಶ್ವತವಾದ ಎಣ್ಣೆಕಲೆ. ಬೆನ್ನ ಹಿಂದೆ ನಾವೆಲ್ಲ ಸಡಿಲಮ್ಮ ಎನ್ನುತ್ತಿದ್ದೆವು. ಮಿಕ್ಕ ವಿಷಯಗಳಲ್ಲಿ ಅಷ್ಟು ಬಿಗಿಯಾದ ಹೆಂಗಸನ್ನು, ದೇವರಾಣೆ, ನಾನು ಕಂಡಿಲ್ಲ.

ಕರುಳಿನ ಬ್ಯಾಕ್ಟೀರಿಯಾಗಳು ಸೂಕ್ಷ್ಮದರ್ಶಕದಡಿ ಒಂದೇ ಅಚ್ಚಿನ ಕೆಂಪು ಕಡ್ಡಿಗಳು. ಸಾಧು ಯಾವುದು, ಉಪದ್ರವಿ ಯಾವುದು ಎಂದು ತಿಳಿಯದು. “ಇಲ್ಲಿ ಮುಖ ನೋಡಿ ಮಣೆ ಹಾಕೋ ಹಾಗಿಲ್ಲ. ಏನು ತಿಂತು, ಏನು ಬಿಡ್ತು, ಅದನ್ನ ಕೇಳಿ” ಎಂಬುದು ಆಕೆಯ ನಿತ್ಯಮಂತ್ರ. ಕೇಳುವ ಬಗೆಯೆಂದರೆ, ಸಕ್ಕರೆಗಳಿರುವ ಕೆಂಪು ಆಹಾರವನ್ನು ಓರೆಯಾಗಿ ಹೆಪ್ಪುಗಟ್ಟಿಸಿದ ಕೊಳವೆಯಲ್ಲಿ ಅವನ್ನು ಬಿತ್ತಿ, ಮುಚ್ಚಳ ಸಡಿಲಿಸಿ, ಮರುದಿನದವರೆಗೆ ಬೆಚ್ಚಗಿಡುವುದು. ಸಾಧುಗಳು ಸಾಮಾನ್ಯವಾಗಿ ಇಡೀ ಕೊಳವೆಯನ್ನು ಹಳದಿಯಾಗಿಸುತ್ತವೆ; ಟೈಫಾಯ್ಡಿನದು ಮೇಲ್ಭಾಗವನ್ನು ಕೆಂಪಾಗಿ ಬಿಡುತ್ತದೆ. ಗಾಳಿಯಾಡದಿದ್ದರೆ ಆ ಕೆಂಪು ಕಾಣುವುದಿಲ್ಲ, ಕೊಳವೆ ಸುಳ್ಳು ಹೇಳುತ್ತದೆ.

ಒಮ್ಮೆ ವಾರ್ಡಿನಲ್ಲಿ ಟೈಫಾಯ್ಡ್ ಹಬ್ಬಿದಾಗ ಆಸ್ಪತ್ರೆಯ ಅಡುಗೆಮನೆಯವರನ್ನೆಲ್ಲ ಪರೀಕ್ಷೆಗೆ ಒಳಪಡಿಸಬೇಕಾಯಿತು. ಹಿರಿಯ ಅಡುಗೆಯವಳು ಸಡಿಲಮ್ಮನ ಸ್ವಂತ ಅಕ್ಕ; ತಾಯಿ ಸತ್ತ ಮೇಲೆ ಒಲೆಯ ಮುಂದೆ ಬೆಂದು ತಂಗಿಯನ್ನು ಓದಿಸಿದವಳು.

“ನಿಮ್ಮಕ್ಕ ಪಾರಾದ್ರು ಮೇಡಂ, ಪೂರ್ತಿ ಹಳದಿ!” ಎಂದು ನನ್ನ ಸಹೋದ್ಯೋಗಿ ಕೂಗಿದಾಗ ನಮಗೆಲ್ಲ ಹೋದ ಜೀವ ಬಂದಂತಾಯಿತು. ಸಡಿಲಮ್ಮ ಮಾತ್ರ ಕೊಳವೆಯನ್ನೂ, ಮಾದರಿಯನ್ನು ಮೊದಲು ಬೆಳೆಸಿ ಅದಕ್ಕೆ ಬೀಜ ತೆಗೆದ ಗಾಜಿನ ತಟ್ಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಟೈಫಾಯ್ಡಿನದೂ ಸೇರಿ, ಹಾಲಿನ ಸಕ್ಕರೆಯನ್ನು ಮುಟ್ಟದ ಜಾತಿಗಳು ಈ ತಟ್ಟೆಯಲ್ಲಿ ಬಣ್ಣವಿಲ್ಲದೆ ಬೆಳೆಯುತ್ತವೆ.

“ತಟ್ಟೇಲಿ ಬಣ್ಣ ಇಲ್ಲ, ಕೊಳವೇಲಿ ಪೂರ್ತಿ ಹಳದಿ. ಎರಡೂ ಹೇಗ್ರೀ ನಿಜ ಆಗುತ್ತೆ?” ಬೆರಳು ತಾನಾಗಿ ಮುಚ್ಚಳಕ್ಕೆ ಹೋಯಿತು. ಬಿಗಿಯಾಗಿತ್ತು.

“ಹೋಗ್ಲಿ ಬಿಡಿ ಮೇಡಂ, ಹಳದಿ ಅಂತ ಬಂದಾಯ್ತಲ್ಲ” ಎಂದೆ. ಆಕೆ ಹೊಸ ಕೊಳವೆ ತೆಗೆದು ಬಿತ್ತಿ, ಮುಚ್ಚಳ ಅರ್ಧ ಸುತ್ತು ಸಡಿಲಿಸಿಟ್ಟರು.

ಮರುದಿನ ಮೇಲ್ಭಾಗ ಕೆಂಪಾಗಿತ್ತು, ನಡುವೆ ಟೈಫಾಯ್ಡಿನ ಇನ್ನೊಂದು ಗುರುತಾದ ತೆಳು ಕಪ್ಪು ಗೆರೆ. ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು. ಸಡಿಲಮ್ಮ ತಾವೇ ಕೆಳಗಿಳಿದು ಹೋಗಿ, “ಅಕ್ಕಾ, ನಿನ್ನಲ್ಲೇ ಇದೆ. ವಾಸಿಯಾಗೋವರೆಗೂ ಸೌಟು ಮುಟ್ಬೇಡ” ಎಂದರು. ಅಕ್ಕ ಎಲ್ಲರೆದುರು ಸೌಟು ಕೆಳಗಿಟ್ಟು ನಡೆದುಬಿಟ್ಟಳು. ಆಮೇಲೆ ಒಂದೇ ಸೂರಿನಡಿ ಇದ್ದೂ ತಂಗಿಯೊಡನೆ ಮಾತು ಬಿಟ್ಟಳು. ಸಡಿಲಮ್ಮ ಒಂದು ದಿನವೂ ರಜೆ ಹಾಕಲಿಲ್ಲ. ಅಕ್ಕ ಕಟ್ಟಿಕೊಡುತ್ತಿದ್ದ ಡಬ್ಬಿ ನಿಂತುಹೋಗಿ, ಮಧ್ಯಾಹ್ನ ಬ್ರೆಡ್ಡು ತಿನ್ನುತ್ತಿದ್ದರು.

ತಿಂಗಳುಗಳ ಔಷಧಿಯ ನಂತರ, ಮತ್ತೆ ಮತ್ತೆ ಪರೀಕ್ಷಿಸಿ ಶುದ್ಧವೆಂದು ಖಾತ್ರಿಯಾದ ಮೇಲೆ, ಅಕ್ಕ ಒಲೆಗೆ ಮರಳಿದಳು. ಅದೇ ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು ನಮ್ಮ ಬಾಗಿಲಲ್ಲಿ ಡಬ್ಬಿ ಚಾಚಿದಳು.

“ತಗೋ. ಮುಚ್ಚಳ ನಾನೇ ಸಡಿಲ ಮಾಡಿದೀನಿ.”

ಸಡಿಲಮ್ಮ ಡಬ್ಬಿಯನ್ನು ಎದೆಗೊತ್ತಿಕೊಂಡು ಅತ್ತರು. ಕೋಟಿಗೆ ಇನ್ನೊಂದು ಕಲೆಯಾಯಿತು.

ತಮ್ಮವರೆಂದು ಕಣ್ಣು ಮುಚ್ಚದ ಇಂಥವರ ಜೊತೆ ಸಂಸಾರ ಸುಲಭವಲ್ಲ. ಮೊದಲ ಪೆಟ್ಟು ಹತ್ತಿರದವರಿಗೇ ಬೀಳುತ್ತದೆ. ಆದರೂ ಗುರುತಿಲ್ಲದವರು ಬಡಿಸಿದ ತುತ್ತನ್ನು ನಾವು ನಿಶ್ಚಿಂತೆಯಿಂದ ಬಾಯಿಗಿಡುವುದು, ಇಂಥವರು ಎಲ್ಲೋ ಒಂದು ಕಿಟಕಿಯ ಬಳಿ ನಿಂತಿರುತ್ತಾರೆಂಬ ಧೈರ್ಯದಿಂದಲೇ.