ಅಂಗಡಿಗೆ ಒಂದೇ ಬಾಯಿ

ಊರಿನವರು ಅಣ್ಣನಿಗೆ ಇಟ್ಟ ಹೆಸರು ಕಿವಿ ಮೇಸ್ತ್ರಿ. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಅದರ ಹೊಟ್ಟೆಯೊಳಗಿನ ಕಾಯಿಲೆ ಏನೆಂದು ಹೇಳಿಬಿಡುತ್ತಾನೆ ಎಂಬ ಖ್ಯಾತಿ ಅವನದು. ಜನ ಅದಕ್ಕೆ ಉಪ್ಪು ಖಾರ ಹಚ್ಚಿ, ಫೋನಿನಲ್ಲಿ ಇಂಜಿನ್ನಿನ ಸದ್ದು ಕೇಳಿಸಿದರೂ ಸಾಕು, ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳುತ್ತಾನೆ ಎನ್ನುತ್ತಿದ್ದರು. ಅದು ಶುದ್ಧ ಸುಳ್ಳು. ಆದರೆ ಗಿರಾಕಿಯನ್ನು ತರುವ ಸುಳ್ಳನ್ನು ಯಾವ ಅಂಗಡಿಯವನು ತಾನೇ ತಿದ್ದಲು ಹೋಗುತ್ತಾನೆ? ಆ ಗ್ಯಾರೇಜಿಗೆ ಹೆಸರಿನ ಹಲಗೆ ಕೂಡ ಇರಲಿಲ್ಲ. ಅಣ್ಣನ ಎರಡು ಕಿವಿಗಳೇ ಅದರ ಬೋರ್ಡು.

ಗ್ಯಾರೇಜಿನಲ್ಲಿದ್ದದ್ದು ಅಣ್ಣ, ತಮ್ಮ ಇಬ್ಬರೇ. ತಮ್ಮನಿಗೂ ಈಗ ಕಿವಿಯ ಮೇಲೆ ಬಿಳಿಕೂದಲು ಬಂದಿತ್ತು. ಕೈಕೆಲಸದಲ್ಲಿ ಅಣ್ಣನಿಗೆ ಸರಿಸಮ. ಆದರೆ ಅಪ್ಪ ಹಾಕಿಹೋದ ಗೆರೆಯೊಂದಿತ್ತು: ಅಂಗಡಿಗೆ ಒಂದೇ ಬಾಯಿ. ಗಿರಾಕಿಯ ಎದುರು ದೊಡ್ಡವನು ಆಡಿದ್ದೇ ಮಾತು. ಚಿಕ್ಕವನಿಗೆ ಬೇರೆ ಏನಾದರೂ ಅನ್ನಿಸಿದರೆ ಬಾಗಿಲು ಹಾಕಿದ ಮೇಲೆ ಹೇಳಬೇಕು. ಎರಡು ಬಾಯಿಯ ಅಂಗಡಿ ಕಂಡ ಗಿರಾಕಿ ಮೂರನೇ ಅಂಗಡಿ ಹುಡುಕಿಕೊಂಡು ಹೋಗುತ್ತಾನೆ ಎನ್ನುತ್ತಿದ್ದರು ಅಪ್ಪ. ಅಪ್ಪ ಹೋಗಿ ಎಷ್ಟೋ ವರ್ಷವಾಗಿದ್ದರೂ ತಮ್ಮ ಆ ಗೆರೆ ದಾಟಿರಲಿಲ್ಲ. ದಾಟುವ ಆಸೆಯೂ ಅವನಿಗಿರಲಿಲ್ಲ, ಯಾಕೆಂದರೆ ಅಣ್ಣ ಅವನನ್ನು ಹೆಗಲ ಮೇಲೆ ಹೊತ್ತು ಸಾಕಿದವನು.

ಆ ಮಧ್ಯಾಹ್ನ ಟ್ಯಾಕ್ಸಿಯವನು ಅದೇ ಹಳೆಯ ದೂರು ಹೊತ್ತು ಮೂರನೆಯ ಸಲ ಬಂದ. ಗಾಡಿಯ ಹಿಂದಿನ ಗಾಲಿಗಳ ಆಕ್ಸಲ್ಲಿನ ಕಡೆಯಿಂದ ಟಕ್ ಟಕ್ ಎಂಬ ಸದ್ದು. ಮೊದಲ ಸಲ ಅಣ್ಣ ಟಯರಿನ ಸಂದಿಯಿಂದ ಕಲ್ಲೊಂದನ್ನು ಕಿತ್ತು ಅವನ ಅಂಗೈಯಲ್ಲಿಟ್ಟು, ಇದೇ ನಿನ್ನ ಕಾಯಿಲೆ, ಬೇಕಾದರೆ ಮನೆಗೊಯ್ದು ಸಾಕಿಕೋ ಎಂದು ನಗಿಸಿ ಕಳಿಸಿದ್ದ. ಎರಡನೆಯ ಸಲ ಬ್ರೇಕಿನ ಸ್ಪ್ರಿಂಗ್ ಬದಲಾಯಿಸಿದ್ದ. ಟ್ಯಾಕ್ಸಿಯವನಿಗೆ ಅದರ ಬೇಸರವಿರಲಿಲ್ಲ. ಅವನ ಪಾಲಿಗೆ ಕಿವಿ ಮೇಸ್ತ್ರಿಯ ಮಾತು ವೇದವಾಕ್ಯ. ಬೇಸರವಿದ್ದದ್ದು ಅವನ ಹೆಂಡತಿಗೆ. ಆಕೆ ನಿದ್ದೆಹೋದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದಳು, ಕಾಲ ಬಳಿ ಎರಡು ಸೂಟ್‌ಕೇಸು. ಅವತ್ತು ಅವರು ಬೆಟ್ಟ ದಾಟಿ ಆಕೆಯ ತಂದೆಯ ಮನೆಗೆ ಹೋಗುವವರಿದ್ದರು. ಗಾಡಿ ಬಲಕ್ಕೆ ತಿರುಗುವಾಗ ಮಾತ್ರ ಸದ್ದು ಬರುತ್ತದೆ, ಹಿಂದೆ ಎಡಗಡೆ ಕೂತರೆ ಸೀಟಿನ ಕೆಳಗೇ ಬಡಿಯುತ್ತದೆ ಎಂದು ಆಕೆ ಬಿಡಿಸಿ ಹೇಳಿದಳು. ಅಣ್ಣ ಆಕೆಯ ಬಾಯನ್ನೇ ನೋಡುತ್ತ ಕೇಳಿಸಿಕೊಂಡ.

ಅಣ್ಣ, ತಮ್ಮ ಇಬ್ಬರೇ ಗಾಡಿ ತೆಗೆದುಕೊಂಡು ಹೊರಟರು. ಅಣ್ಣ ಸ್ಟೀರಿಂಗ್ ಹಿಡಿದ, ತಮ್ಮ ಹಿಂದೆ ಎಡಗಡೆ ಕೂತ. ಸಿಮೆಂಟಿನ ಅಂಗಡಿ, ಗಾಜಿನ ಅಂಗಡಿ ದಾಟುವ ತನಕ ಗಾಡಿ ತೆಪ್ಪಗಿತ್ತು. ವೃತ್ತದ ಬಳಿ ಅಣ್ಣ ಬಲಕ್ಕೆ ತಿರುಗಿಸಿದ್ದೇ ತಡ, ತಮ್ಮನ ಸೀಟಿನ ಕೆಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಶುರುವಾಯಿತು. ಟಕ್. ಟಕ್. ಟಕ್. ಗಾಡಿಯ ವೇಗ ಹೆಚ್ಚಿದರೆ ಸದ್ದಿನ ವೇಗವೂ ಹೆಚ್ಚುತ್ತಿತ್ತು. ಗಾಲಿಯ ಬೇರಿಂಗು ಎಂದು ತಮ್ಮನಿಗೆ ಆ ಕ್ಷಣವೇ ಹೊಳೆಯಿತು. ಅಣ್ಣ ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅವನು ಕನ್ನಡಿಯಲ್ಲಿ ಅಣ್ಣನ ಮುಖ ನೋಡಿದ. ಆ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ.

"ಏನೂ ಇಲ್ಲ," ಎಂದ ಅಣ್ಣ.

ಇನ್ನೊಂದು ಸುತ್ತು ಹಾಕೋಣ ಎಂದು ತಮ್ಮ ಕೈಸನ್ನೆ ಮಾಡಿದ. ಈ ಸಲ ಸದ್ದು ಇನ್ನೂ ಜೋರಾಗಿತ್ತು. ರಸ್ತೆಯ ಬದಿ ನಿಂತಿದ್ದ ಪೇಪರಿನವನು ಕೂಡ ತಲೆಯೆತ್ತಿ ನೋಡಿದ. ತಮ್ಮ ಮೆಲ್ಲಗೆ, ಸದ್ದು ಬರ್ತಿದೆಯಲ್ಲಾ ಅಣ್ಣ, ಎಂದ. ಅಣ್ಣ ಉತ್ತರಿಸಲಿಲ್ಲ. ಕೋಪದಿಂದ ಬಾಯಿ ಮುಚ್ಚಿಕೊಂಡಿದ್ದಲ್ಲ. ಅವನಿಗೆ ಆ ಮಾತೂ ಕೇಳಿಸಿರಲಿಲ್ಲ.

ಕಣ್ಣೆದುರೇ ಇದ್ದೂ ಕಾಣದೆ ಹೋಗಿದ್ದ ಸಂಗತಿಗಳು ಒಂದರ ಹಿಂದೆ ಒಂದು ತಮ್ಮನ ನೆನಪಿಗೆ ಬಂದವು. ಇತ್ತೀಚೆಗೆ ಅಣ್ಣ ಫೋನು ಎತ್ತುತ್ತಿರಲಿಲ್ಲ. ಕೈಗೆ ಗ್ರೀಸು, ನೀನೇ ಮಾತಾಡು ಎನ್ನುತ್ತಿದ್ದ. ಟಿವಿಯ ಅಬ್ಬರಕ್ಕೆ ಗೋಡೆ ಬಿರುಕು ಬಿಡುತ್ತದೆ ಎಂದು ಅತ್ತಿಗೆ ಗೊಣಗುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಆ ಉದ್ದನೆಯ ಸ್ಕ್ರೂಡ್ರೈವರು. ಗ್ಯಾರೇಜಿನವರೆಲ್ಲ ಅದರ ತುದಿಯನ್ನು ಇಂಜಿನ್ನಿಗೆ ಆನಿಸಿ ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಾರೆ. ಅಣ್ಣ ಕೆಲ ಕಾಲದಿಂದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ. ಯಾಕೆಂದು ಕೇಳಿದರೆ, ಎರಡು ಕೈಯೂ ಬಿಡುವಾಗಿರಲಿ ಅಂತ, ಎಂದಿದ್ದ. ತಮ್ಮ ಅದನ್ನು ನಂಬಿ, ಅಣ್ಣನ ತಲೆಯೇ ತಲೆ ಎಂದು ಹೆಮ್ಮೆಪಟ್ಟಿದ್ದ. ಅದು ಜಾಣತನವಲ್ಲ, ಕಿವಿಯಿಂದ ಒಳಗೆ ಹೋಗದ ಸದ್ದು ಹಲ್ಲಿನ ಮೂಲಕ, ತಲೆಯ ಎಲುಬಿನ ಮೂಲಕವಾದರೂ ಹೋಗಲಿ ಎಂಬ ಒದ್ದಾಟ ಎಂದು ಈಗ ಅರ್ಥವಾಯಿತು. ಕಿವಿ ಮೇಸ್ತ್ರಿಗೆ ಕಿವಿ ಹೋಗಿತ್ತು.

ಗ್ಯಾರೇಜಿಗೆ ಮರಳಿದ ಮೇಲೆ ಅಣ್ಣ ಕ್ರಮ ತಪ್ಪಲಿಲ್ಲ. ಹಿಂಭಾಗವನ್ನು ಜಾಕಿನ ಮೇಲೆ ಎತ್ತಿಸಿದ, ಕೆಳಗೆ ನುಸುಳಿದ, ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲ್ಲಿಗೆ ಆನಿಸಿ ಹಿಡಿಯನ್ನು ಕಚ್ಚಿದ. ತಮ್ಮ ಕೈಯಿಂದ ಗಾಲಿ ತಿರುಗಿಸಿದ. ನೆಲದ ಮೇಲೆ ಗಾಡಿಯ ಭಾರ ಹೊತ್ತು ಓಡುವಾಗ ಬಡಿಯುವ ಬೇರಿಂಗು ಗಾಳಿಯಲ್ಲಿ ತೂಗುವಾಗ ಬಡಿಯುವುದಿಲ್ಲ. ಅದು ಅಣ್ಣನೇ ಅವನಿಗೆ ಕಲಿಸಿದ ಪಾಠ. ಆದ್ದರಿಂದಲೇ ರಸ್ತೆಯ ಮೇಲೆ ಕೇಳಬೇಕು, ರಸ್ತೆಯ ಮೇಲೆ ಕಿವಿಯೇ ಬೇಕು. ಅಣ್ಣ ಎದ್ದು ಕೈ ಒರೆಸಿಕೊಂಡು, ಗಾಡಿ ಗಟ್ಟಿಮುಟ್ಟಾಗಿದೆ, ಹಳೇ ಸೀಟು ಕಿರುಗುಟ್ಟುತ್ತದೆ ಅಷ್ಟೇ, ಹೋಗಿಬಾ ಎಂದುಬಿಟ್ಟ.

ಟ್ಯಾಕ್ಸಿಯವನು ಸೂಟ್‌ಕೇಸುಗಳನ್ನು ಕೈಗೆತ್ತಿಕೊಂಡ.

ತಮ್ಮ ಗಾಡಿಯನ್ನು ಜಾಕಿನಿಂದ ಇಳಿಸಿ ಬಾಗಿಲಿನಾಚೆ ತಂದು ನಿಲ್ಲಿಸಿದ. ಈ ಜಾತಿಯ ಗಾಡಿಯಲ್ಲಿ ಬೇರಿಂಗು ಒಡೆದರೆ ಸದ್ದು ಮಾಡಿ ಸುಮ್ಮನಾಗುವುದಿಲ್ಲ; ಗಾಲಿ ತನ್ನನ್ನು ತಿರುಗಿಸುವ ಶಾಫ್ಟಿನ ಸಮೇತ ಆಕ್ಸಲ್ಲಿನಿಂದ ಕಳಚಿ ಹೊರಗೆ ಬರುತ್ತದೆ. ಬೆಟ್ಟದ ರಸ್ತೆಯ ತುಂಬ ಬಲ ತಿರುವುಗಳು, ಎಡಕ್ಕೆ ಕಣಿವೆ. ಹೇಳಿದರೆ ಅಣ್ಣನ ಹೆಸರು ಈ ಬಾಗಿಲಲ್ಲೇ ಮಣ್ಣುಪಾಲು. ಸಂಜೆಯೊಳಗೆ ಟ್ಯಾಕ್ಸಿ ಸ್ಟ್ಯಾಂಡಿನ ತುಂಬ ಸುದ್ದಿ, ಕಿವಿ ಮೇಸ್ತ್ರಿ ಕಿವುಡನಂತೆ ಎಂದು ನಗು. ಹೇಳದಿದ್ದರೆ ಆ ಮಗು. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ. ಅವನು ಮಾಡಿದ್ದು ಹೇಡಿಯ ಕೆಲಸ: ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ.

ಟ್ಯಾಕ್ಸಿಯವನು ಕೂರಲು ಹೋಗಿ ಕೀಲಿ ಹುಡುಕಿದ. ಸೀಟಿನ ಕೆಳಗೆ ನೋಡಿದ, ಬೆಂಚಿನ ಮೇಲೆ ನೋಡಿದ, ತನ್ನ ಜೇಬನ್ನೇ ಎರಡು ಸಲ ತಡಕಿ ತನ್ನನ್ನೇ ಬೈದುಕೊಂಡ. ಅಣ್ಣನೂ ಬಗ್ಗಿ ಬಾಗಿಲಿಗೆ ಒತ್ತಿದ ಕೆಲಸದ ಮೇಜಿನ ಮೇಲಿನ ನಟ್ಟು ಬೋಲ್ಟುಗಳ ನಡುವೆ ಹುಡುಕತೊಡಗಿದ. ತಮ್ಮ ಚಕ್ರದ ಗಾಳಿ ನೋಡುವವನಂತೆ ಕುಕ್ಕರುಗಾಲಿನಲ್ಲಿ ಕೂತ. ಆಗ ಆ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ಅವನ ಮುಂದೆ ನಿಂತಳು. ಕೀಲಿ ಎಲ್ಲಿ ಹೋಯಿತೆಂದು ಆಕೆ ನೋಡಿದ್ದಳು.

"ನಿಮಗೂ ಕೇಳಿಸ್ತು, ಅಲ್ವಾ?" ಎಂದಳು. "ನಮ್ಮೆಜಮಾನ್ರು ದೊಡ್ಡವರ ಮಾತು ಮೀರಲ್ಲ. ನೀವು ಹೇಳಿ. ನಾನು ಮಗೂನ ಎತ್ಕೊಂಡು ಈ ಗಾಡಿ ಹತ್ತಲಾ, ಬೇಡ್ವಾ?"

ಅಣ್ಣ ಅಲ್ಲೇ, ಕೈಗೆಟುಕುವಷ್ಟು ಹತ್ತಿರ, ಬೆನ್ನು ಹಾಕಿ ನಿಂತಿದ್ದ. ಆಕೆಯೇನೂ ಪಿಸುಗುಟ್ಟಿರಲಿಲ್ಲ. ಅವನು ತಿರುಗಿ ನೋಡಲಿಲ್ಲ. ಆಕೆ ಒಮ್ಮೆ ಆ ಬೆನ್ನನ್ನು ನೋಡಿದಳು, ಒಮ್ಮೆ ತಮ್ಮನನ್ನು ನೋಡಿದಳು. ಆಕೆಗೆ ಅರ್ಥವಾಯಿತೆಂದು ತಮ್ಮನಿಗೆ ಗೊತ್ತಾಯಿತು.

"ಹತ್ತಬೇಡಿ," ಎಂದ ತಮ್ಮ.

ಟ್ಯಾಕ್ಸಿಯವನು ಹುಡುಕುವುದನ್ನು ನಿಲ್ಲಿಸಿದ. ಅವನ ಮುಖ ಬದಲಾದದ್ದನ್ನು ಕಂಡು ಅಣ್ಣ ತಿರುಗಿದ. ಏನೋ ಮಾತು ನಡೆದಿದೆ, ಅದು ತನ್ನನ್ನು ಬಿಟ್ಟು ನಡೆದಿದೆ ಎಂಬುದು ಅವನಿಗೆ ಕಂಡಿತು. ಏನಂದೆ ಎಂದು ತಮ್ಮನನ್ನು ಕೇಳಿದ. ತಮ್ಮನಿಗೆ ಈಗಲೂ ಸುಳ್ಳು ಹೇಳಲು ಜಾಗವಿತ್ತು. ಗಾಳಿ ಕಡಿಮೆಯಿದೆ ಎನ್ನಬಹುದಿತ್ತು. ಅವನು ಎದ್ದು ನಿಂತು, ಅಣ್ಣನಿಗೆ ತುಟಿ ಕಾಣುವ ಹಾಗೆ ಎದುರಾಗಿ, ಬಿಡಿಸಿ ಬಿಡಿಸಿ ಹೇಳಿದ.

"ಸದ್ದು ಇದೆ ಅಣ್ಣ. ಎರಡು ಸುತ್ತೂ ಬಂತು. ನಿನಗೆ ಕೇಳಿಸ್ಲಿಲ್ಲ."

ಹೇಳಿದ ಕೂಡಲೇ ಅವನಿಗೆ ಅಳು ಬಂತು. ಅಪ್ಪನ ಗೆರೆಯನ್ನು ದಾಟಿದ್ದೂ ಅಲ್ಲದೆ, ಅದರ ಮೇಲೆ ನಿಂತು ಅಣ್ಣನ ಕೆನ್ನೆಗೆ ಹೊಡೆದಂತೆ ಅನ್ನಿಸಿತು. ಅಣ್ಣನ ಕತ್ತಿನ ನರ ಉಬ್ಬಿತು. ಸ್ಪ್ಯಾನರ್ ಎಸೆಯುತ್ತಾನೆ, ಬೈಯುತ್ತಾನೆ, ನಡಿ ಆಚೆ ಎನ್ನುತ್ತಾನೆ ಎಂದು ತಮ್ಮ ಕಾದ. ಬೀದಿಯಲ್ಲಿ ಲಾರಿಯೊಂದು ಹಾದುಹೋಯಿತು. ಅಣ್ಣ ಟ್ಯಾಕ್ಸಿಯವನನ್ನು ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ. ಆ ಹೆಂಡತಿಯ ಹೆಗಲ ಮೇಲೆ ಬಾಯಿ ತೆರೆದು ಮಲಗಿದ್ದ ಮಗುವನ್ನು ನೋಡಿದ.

ಆಮೇಲೆ ಅವನು ಗಾಡಿಯ ಹಿಂದಿನ ಬಾಗಿಲು ತೆರೆದು, ಸೀಟನ್ನು ಬುಡಸಮೇತ ಕಿತ್ತು ಹೊರಗಿಟ್ಟ. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಬರಿಯ ತಗಡಿನ ಮೇಲೆ ಕಾಲು ಮಡಚಿ ಕೂತ. ಗಾಲಿಯ ಮೇಲಿನ ತಗಡಿಗೆ ತುದಿಯನ್ನು ಆನಿಸಿ, ಟ್ಯಾಕ್ಸಿಯವನೂ ಅವನ ಹೆಂಡತಿಯೂ ಪಕ್ಕದ ಸಿಮೆಂಟಿನಂಗಡಿಯವನೂ ನೋಡುತ್ತಿರುವಂತೆಯೇ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದ. ಎರಡು ಕೈ ಬಿಡುವಾಗಿರಲಿ ಎಂಬ ನೆಪವನ್ನು ಈ ಸಲ ಹೇಳಲಿಲ್ಲ. ಓಡಿಸು ಎಂದು ತಮ್ಮನಿಗೆ ಸನ್ನೆ ಮಾಡಿದ.

ತಮ್ಮ ಜೇಬಿನ ಕೀಲಿ ಹಾಕಿ, ನಡೆಯುವವನ ವೇಗದಲ್ಲಿ ಓಡಿಸಿದ. ಹಿಂದಿನಿಂದ ಹಾರನ್ನುಗಳು ಬೈದವು. ವೃತ್ತದಲ್ಲಿ ಅವನು ಬಲಕ್ಕೆ ತಿರುಗಿಸಿದ. ಇಲ್ಲೇ ಕಳಚಿದರೆ ಎಂಬ ಭಯ ಒಂದು, ಅಣ್ಣನಿಗೆ ಈಗಲೂ ಕೇಳಿಸದಿದ್ದರೆ ಎಂಬ ಭಯ ಇನ್ನೊಂದು. ಟಕ್ ಎಂದಿತು. ಅವನು ಕನ್ನಡಿಯಲ್ಲಿ ನೋಡಿದ. ಅಣ್ಣ ಕಣ್ಣು ಮುಚ್ಚಿದ್ದ. ಟಕ್. ಅಣ್ಣನ ಬಲಗೈಯ ಬೆರಳು ಮೇಲೆದ್ದಿತು. ಟಕ್. ಬೆರಳು ಮತ್ತೆ ಎದ್ದಿತು. ಸದ್ದಿಗೊಂದು ಬೆರಳು, ಒಂದೂ ತಪ್ಪದೆ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಸ್ಕ್ರೂಡ್ರೈವರಿನ ಹಿಡಿಯ ಮೇಲೆ ಬೀಳುತ್ತಿತ್ತು. ಎಡಗಾಲಿ ಎಂದು ಅಣ್ಣ ಕೈ ತೋರಿಸಿದ.

ಗ್ಯಾರೇಜಿಗೆ ಬಂದು ಗಾಲಿ, ಬ್ರೇಕಿನ ಡ್ರಮ್ಮು, ನಾಲ್ಕು ಬೋಲ್ಟು ಬಿಚ್ಚಿದರು. ಶಾಫ್ಟನ್ನು ಹೊರಗೆಳೆಯಲು ಸಾಮಾನ್ಯವಾಗಿ ಇಬ್ಬರು ಗಂಡಸರು ಬೆವರು ಸುರಿಸಿ ಬಡಿಯಬೇಕು. ತಮ್ಮ ಬಡಿಯಲು ಸುತ್ತಿಗೆ ತರುವಷ್ಟರಲ್ಲಿ ಅಣ್ಣ ಒಂದೇ ಕೈಯಲ್ಲಿ ಹಿಡಿದೆಳೆದ. ಕತ್ತಿ ಒರೆಯಿಂದ ಬರುವಷ್ಟು ಸಲೀಸಾಗಿ ಅದು ಹೊರಗೆ ಬಂತು. ಬೇರಿಂಗನ್ನು ಬಿಗಿ ಹಿಡಿಯಬೇಕಾದ ಉಂಗುರ ಜಾಗ ಬಿಟ್ಟು ಸರಿದಿತ್ತು. ಒಳಗಿನ ಒಂದು ಗುಂಡು ಒಡೆದು ಎರಡು ಹೋಳಾಗಿತ್ತು. ಟ್ಯಾಕ್ಸಿಯವನು ಆ ಹೋಳನ್ನು ನೋಡಿ ಬೆಂಚಿನ ಮೇಲೆ ಹೆಂಡತಿಯ ಪಕ್ಕ ಹೋಗಿ ಕೂತ. ಆಕೆ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಲೇತ್ ಅಂಗಡಿಯಲ್ಲಿ ಹೊಸ ಬೇರಿಂಗನ್ನು ಶಾಫ್ಟಿಗೆ ಒತ್ತಿಸುವಾಗ ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕಾದರು. ಅಣ್ಣನೇ ಮಾತು ತೆಗೆದ.

"ಆ ಕಲ್ಲು ತೆಗೆದ ದಿನವೇ ನನಗೇನೂ ಕೇಳಿಸ್ತಿರ್ಲಿಲ್ಲ. ಕಲ್ಲು ಸಿಕ್ತಲ್ಲ, ಇದೇ ಇರಲಿ ದೇವರೇ ಅಂದ್ಕೊಂಡೆ. ಆ ಮಗು ಆಗಿಂದ ಅದೇ ಗಾಡೀಲಿ ಓಡಾಡ್ತಿದೆ ಕಣೋ."

ಸಮಾಧಾನ ಹೇಳೋಣವೆಂದರೆ, ಅದನ್ನು ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕಿತ್ತು. ತಮ್ಮ ಅಣ್ಣನ ಮೊಣಕಾಲಿನ ಮೇಲೆ ಕೈಯಿಟ್ಟ. ಅಣ್ಣ ಆ ಕೈಯನ್ನು ತೆಗೆಯಲಿಲ್ಲ.

ಎಲ್ಲ ಜೋಡಿಸಿದ ಮೇಲೆ ಮತ್ತೆ ವೃತ್ತಕ್ಕೆ ಹೋದರು. ಅಣ್ಣ ಓಡಿಸಿದ, ತಮ್ಮ ಹಿಂದೆ ಎಡಗಡೆ. ಬಲಕ್ಕೆ ತಿರುಗಿಸುತ್ತ ಅಣ್ಣ ಕನ್ನಡಿಯನ್ನು ತಮ್ಮನ ಮುಖ ಕಾಣುವಂತೆ ಸರಿಪಡಿಸಿಕೊಂಡ. ಇದೆಯಾ ಎಂದು ಕೇಳಿದ. ತಮ್ಮ ಇಲ್ಲವೆಂದು ತಲೆಯಾಡಿಸಿದ. ಸರಿಯಾಗಿ ಕೇಳು ಎಂದು ಅಣ್ಣ ಇನ್ನೊಂದು ಸುತ್ತು ಹಾಕಿದ, ಅದೂ ಸಾಲದೆ ಮತ್ತೊಂದು. ತಮ್ಮ ಉಸಿರು ಬಿಗಿಹಿಡಿದು ಕೇಳಿದ. ಇಷ್ಟು ದಿನ ತಾನು ಕೇಳಿದ್ದೆಲ್ಲ ಅಣ್ಣನ ಕಿವಿಯ ಧೈರ್ಯದಲ್ಲಿ ಕೇಳಿದ್ದು ಎಂದು ಅವನಿಗೆ ಅನ್ನಿಸಿತು. ಈಗ ಅವನ ಹಿಂದೆ ಯಾರೂ ಇರಲಿಲ್ಲ. ಟಯರು ರಸ್ತೆಯನ್ನು ಸವರುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಸೀಟು ಕೂರಿಸಿ, ಸೂಟ್‌ಕೇಸು ಇಟ್ಟದ್ದಾಯಿತು. ಕೀಲಿ ಮತ್ತೆ ತಮ್ಮನ ಜೇಬು ಸೇರಿತ್ತು. ಟ್ಯಾಕ್ಸಿಯವನು ಅಭ್ಯಾಸಬಲದಿಂದ ಅಣ್ಣನ ಕಡೆಗೇ ತಿರುಗಿ, ಮೇಸ್ತ್ರಿ, ಇನ್ನು ಹೋಗಬಹುದಾ ಎಂದು ಕೇಳಿದ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಣ್ಣ ಎಣ್ಣೆಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ನಿಂತಿದ್ದ.

"ಅವನ್ನ ಕೇಳು," ಎಂದ. "ಅಂಗಡಿಗೆ ಒಂದೇ ಬಾಯಿ."

ಎಲ್ಲರೂ ತಮ್ಮನನ್ನು ನೋಡಿದರು. ಮಗುವಿಗೆ ಎಚ್ಚರವಾಗಿತ್ತು, ಅದೂ ನೋಡಿತು. ತಮ್ಮ ಜೇಬಿನಿಂದ ಕೀಲಿ ತೆಗೆದು ಆ ಹೆಂಡತಿಯ ಕೈಗೆ ಕೊಟ್ಟ.

"ಹತ್ತಿ," ಎಂದ.

ಗಾಡಿ ಬೀದಿಯ ತುದಿಗೆ ಹೋಗಿ ಬಲಕ್ಕೆ ತಿರುಗಿತು. ಅಣ್ಣ ಅದರ ಹಿಂದಿನ ಎಡಗಾಲಿಯನ್ನೇ ನೋಡುತ್ತಿದ್ದ. ಅದು ಮರೆಯಾದ ಮೇಲೆ ಅವನು ತಮ್ಮನ ಕಡೆ ತಿರುಗಿದ. ತಮ್ಮ ಇನ್ನೂ ಕಿವಿಗೊಟ್ಟು ನಿಂತಿದ್ದ. ಸದ್ದಿಲ್ಲವೆಂದು ತಮ್ಮ ತಲೆಯಾಡಿಸುವ ತನಕ ಅಣ್ಣ ಕಾದ.