ಕೂಗಿನ ಇನ್ನರ್ಧ

“ಗಿ ಅಲ್ವೋ ಬೋಳಿಮಗನೇ, ಕ. ಕತ್ತೆಗೆ ಕ. ಎಲ್ಲಿ, ಹೇಳು.”

ಧಣಿ ಹೇಳಿಕೊಟ್ಟಂತೆ ಹೇಳಿದೆ. ಪಕ್ಷದ ಕಚೇರಿಯಲ್ಲಿ ಗೋಡೆಗೆ ತಾಗದಂತೆ ನಿಂತಿದ್ದೆ. ಹಿಟ್ಟು ಮೆತ್ತಿದ ಬೆನ್ನು ಹೊಸ ಬಣ್ಣಕ್ಕೆ ಸೋಕಬಾರದೆಂದು ಧಣಿಯ ಅಪ್ಪಣೆಯಾಗಿತ್ತು. ಹಿಟ್ಟೂ ಅವನದು, ಬಣ್ಣವೂ ಅವನದು, ಈಗ ಪಕ್ಷವೂ ಅವನದು. ಅವನ ಗಿರಣಿಯಲ್ಲಿ ಮೂಟೆ ಹೊರುವ ನಾವು ಅವನ ವಿರುದ್ಧ ಕೂಗಲೆಂದೇ ಕಟ್ಟಿದ್ದ ಪಕ್ಷ ಅದು. ಚುನಾವಣೆಯಲ್ಲಿ ಸೋತ ಮೇಲೆ ಪಕ್ಷದ ದೊಡ್ಡವರು ಕಾರಿನಲ್ಲಿ ಬಂದು, ಧಣಿಯ ಕೊರಳಿಗೆ ಹಾರ ಹಾಕಿ, ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿ ಹೋದರು. ನಮ್ಮ ಸಿದ್ಧಾಂತ ಏನಾಯಿತೆಂದು ಯಾರೋ ಕೇಳಿದರು. ಸಿದ್ಧಾಂತ ಅಂದ್ರೆ ಇಷ್ಟೇ ಕಣ್ರೋ, ಏನು ಹೇಳಿದರೂ ‘ಸಿದ್ಧ’ ಅಂತ ಅನ್ನೋದು, ಅಂದೆ. ಎಲ್ಲರೂ ನಕ್ಕರು. ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ನಗಲಿಲ್ಲ.

ನನಗೆ ಜನ ಇಟ್ಟ ಹೆಸರು ‘ಗಂಟಲು’. ಮೆರವಣಿಗೆಯ ಮುಂದೆ ನಿಂತು ‘ದುಡಿವವರಿಗೇ’ ಎಂದು ನಾನು ಎಳೆದರೆ, ಹಿಂದಿದ್ದವರೆಲ್ಲ ‘ಗಿರಣಿ’ ಎಂದು ಗುಡುಗಬೇಕು. ಮೂಟೆ ಹೊರುವಾಗ ನಾನೂ ಒಬ್ಬ. ಮೈಕು ಹಿಡಿದಾಗ ನಾನೊಬ್ಬನೇ. ಧಣಿ ಬಂದವನೇ ಆ ಕೂಗಿನಲ್ಲಿದ್ದ ಗಿರಣಿಯನ್ನೂ ವಾಪಸು ತೆಗೆದುಕೊಂಡ. ಇನ್ನು ಮೇಲೆ ‘ದುಡಿವವರಿಗೂ ಕರುಣೆ’ ಎಂದು ಕೂಗಬೇಕಂತೆ. ಕರುಣೆ ಅಂದರೆ ಕರೆದು ಉಣಿಸೋದಾ ಧಣಿ, ಎಂದು ನಾನು ಕೇಳಿದ್ದಕ್ಕೇ ಆ ಕತ್ತೆಯ ಪಾಠ.

‘ಕರುಣೆ’ ಎಂಬ ಆ ಪದ ಕಿವಿಗೆ ಬಿದ್ದ ದಿನವೇ ಷಡ್ಡಕ ಸದಸ್ಯತ್ವದ ಕಾರ್ಡನ್ನು ಮೇಜಿನ ಮೇಲಿಟ್ಟು ಎದುರು ಪಕ್ಷಕ್ಕೆ ಹೊರಟುಹೋದ. ಹೋಗಲಿ. ಆದರೆ ಅವರು ನಾವು ಬಿಟ್ಟ ಗಿರಣಿಯ ಕೂಗನ್ನು ಎತ್ತಿಕೊಂಡು ಅವನ ಕೈಗೆ ಮೈಕು ಕೊಟ್ಟರು. ಯಾರ ಕೈಗೆ? ಮನೆಯಲ್ಲಿ ನೀರು ಬೇಕೆಂದರೂ ಎರಡೆರಡು ಸಲ ಕೇಳಬೇಕಾದ ಕೀರಲು ದನಿಯವನ ಕೈಗೆ. ಕರುಣೆಯ ಹೆಸರೆತ್ತಿದಾಗ ಮೊದಲು ಉರಿದೆದ್ದವನು ನಾನು. ಪಕ್ಷ ಬಿಡಬೇಕೆಂದು ಮನಸ್ಸಿನಲ್ಲೇ ಮೊದಲು ಅಂದುಕೊಂಡವನೂ ನಾನು. ಅವನು ಬಿಟ್ಟ ಮೇಲೆ ನಾನು ಬಿಟ್ಟರೆ ಅವನ ಬಾಲ ಹಿಡಿದಂತೆ. ಹೊಟ್ಟೆಕಿಚ್ಚಿಗೇ ಧಣಿಯ ಪಕ್ಷದಲ್ಲಿ ಉಳಿದೆ.

ತಂಗಿಯ ಮನೆಗೆ ಹೋಗಿ ಬಂದ ಹೆಂಡತಿ ಬಟ್ಟೆ ಹಿಂಡುತ್ತ, ಷಡ್ಡಕ ಬೀದಿಗೆ ಬಂದರೆ ಜನ ನಿಲ್ಲಿಸಿ ಮಾತಾಡಿಸುತ್ತಾರಂತೆ ಎಂದು ವರದಿ ಕೊಟ್ಟಳು. ನಾನು ಕತ್ತು ಉದ್ದ ಮಾಡಿ, ಮೂಗಿನಿಂದ, ಥೇಟ್ ಅವನ ಹಾಗೆ ‘ದುಡಿವವರಿಗೇ’ ಎಂದು ಕೂಗಿ ತೋರಿಸಿದೆ.

“ಅವ್ನ ದನಿ ಚೆನ್ನಾಗೇ ಬರುತ್ತೆ ನಿಮ್ಗೆ,” ಅಂದಳು. “ಅವ್ನ ಧೈರ್ಯ ಬರ್ಲಿಲ್ಲ, ಅಷ್ಟೆ.”

ಧಣಿಯ ಮೊದಲ ಸಭೆ. ವೇದಿಕೆಯ ಮೇಲೆ ಕಾರಿನ ದೊಡ್ಡವರು. ನಾನು ಮೈಕು ಹಿಡಿದು ‘ದುಡಿವವರಿಗೂ’ ಎಂದೆ. ವರ್ಷಗಟ್ಟಲೆ ಪಳಗಿದ ನಾಲಿಗೆಗಳು, ಯಾರನ್ನೂ ಕೇಳದೆ, ‘ಗಿರಣಿ’ ಅಂದುಬಿಟ್ಟವು. ಕೂಗಿದವರೇ ಬೆಚ್ಚಿ ಬಾಯಿ ಮುಚ್ಚಿಕೊಂಡರು. ಸರಿಪಡಿಸೋಣವೆಂದು ಮತ್ತೆ ಕೂಗಿದೆ. ಈ ಸಲ ಅರ್ಧ ಜನ ಗಿರಣಿ, ಅರ್ಧ ಜನ ಕರುಣೆ ಎಂದು, ಮಧ್ಯದಲ್ಲಿ ‘ಗಿರುಣೆ’ ಎಂಬ ಅಪ್ಪ ಅಮ್ಮ ಇಲ್ಲದ ಕೂಸು ಹುಟ್ಟಿತು. ದೊಡ್ಡವರಲ್ಲೊಬ್ಬರು ಕರವಸ್ತ್ರದಲ್ಲಿ ನಗು ಮುಚ್ಚಿಕೊಂಡರು. ಧಣಿ ನನ್ನನ್ನೇ ನೋಡುತ್ತಿದ್ದ. ನಾನೇ ಹೇಳಿಕೊಟ್ಟು ಮಾಡಿಸಿದ್ದೆಂದು ಅವನು ತೀರ್ಮಾನಿಸಿಯಾಗಿತ್ತು.

ಮರುದಿನ ಗಿರಣಿಯ ಅಂಗಳದ ನಡುವೆ, ಬೆನ್ನ ಮೇಲೆ ಮೂಟೆ ಇದ್ದಾಗಲೇ ನಿಲ್ಲಿಸಿದ.

“ಇಳಿಸ್ಬೇಡ. ಹೊತ್ಕೊಂಡೇ ಹೇಳು, ಕರುಣೆ ಕರುಣೆ ಅಂತ. ನಾನು ಸಾಕು ಅನ್ನೋವರ್ಗೂ.”

ಕರುಣೆ ಅಂದೆ. ಕರುಣೆ, ಕರುಣೆ. ಜೊತೆಯವರು ನನ್ನನ್ನು ಕಂಬದಂತೆ ಸುತ್ತುಹಾಕಿ ಮೂಟೆ ಹೊತ್ತು ಓಡಾಡಿದರು. ಒಬ್ಬನೂ ಮುಖ ನೋಡಲಿಲ್ಲ. ಧಣಿ ಟೀ ಕುಡಿದ. ಫೋನಿನಲ್ಲಿ ಯಾರೊಂದಿಗೋ ಮಗಳ ಮದುವೆಯ ಮಾತಾಡಿದ. ಮಾತಾಡುತ್ತಲೇ ಒಳಗೆ ಹೋದ. ಸಾಕು ಅನ್ನುವುದನ್ನು ಮರೆತೇಬಿಟ್ಟ. ನಾನು ಹೇಳುತ್ತಲೇ ಇದ್ದೆ. ಮಂಡಿ ಕುಸಿಯಿತು, ಮೂಟೆ ಬಿದ್ದು ಒಡೆಯಿತು. ಒಡೆಯನ ಮೂಟೆ ತಾನೇ, ಒಡೆಯಲಿ ಎಂದುಕೊಂಡೆ. ಚೆಲ್ಲಿದ ಗೋಧಿಯ ಮೇಲೇ ಕಾಲಿಟ್ಟು ಗೇಟು ದಾಟಿದೆ.

ಎದುರು ಪಕ್ಷದ ಕಚೇರಿ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆ. ಷಡ್ಡಕ ಅಣಕಿಸುತ್ತಾನೆಂದು ದಾರಿಯುದ್ದಕ್ಕೂ ಉತ್ತರ ಹೊಂದಿಸಿಕೊಂಡು ಹೋಗಿದ್ದೆ. ಪಾಪಿ, ಚಾಪೆಯ ಮೇಲೆ ಸರಿದು ಜಾಗ ಕೊಟ್ಟ. ಅವನು ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

“ಮೈಕು?” ಅಂದೆ, ತಡೆಯಲಾಗದೆ.

“ಮೈಕು ನನ್ನ ಹತ್ರಾನೇ ಇರ್ಲಿ ಅಣ್ಣ. ಹೊಸದಾಗಿ ಬಂದೋರು ಹಿಂದಿನ ಸಾಲಲ್ಲಿ ನಿಲ್ಬೇಕು. ನಾನೂ ನಿಂತಿದ್ದೆ.”

ಗಿರಣಿಯ ಗೇಟಿನ ಮುಂದೆ ಹಿಂದಿನ ಸಾಲಿನಲ್ಲಿ ನಿಂತೆ. ಮಹಡಿಯ ಕಿಟಕಿಯಲ್ಲಿ ಧಣಿ. ಷಡ್ಡಕ ‘ದುಡಿವವರಿಗೇ’ ಎಂದ. ದನಿ ನಡುವೆಯೇ ಒಡೆದು, ಉಳಿದವರಿಗೆ ಎಲ್ಲಿ ಗುಡುಗಬೇಕೆಂದೇ ತಿಳಿಯಲಿಲ್ಲ. ಆ ಮೈಕು ಕಿತ್ತುಕೊಂಡು ಹೀಗೆ ಕೂಗಬೇಕು ಕಣೋ ಎಂದು ತೋರಿಸಲು ಕೈ ತುರಿಸಿತು. ಸುಮ್ಮನಿದ್ದರೂ ಸಾಕಿತ್ತು, ಅವನ ಕೂಗು ಅಲ್ಲೇ ಸತ್ತು, ನಾಳೆ ಮೈಕು ನನ್ನ ಕೈಗೆ ಬರುತ್ತಿತ್ತು. ಸುಮ್ಮನಿದ್ದೆ ಕೂಡ. ಆಗ ಹೊಳೆಯಿತು: ಇಷ್ಟು ವರ್ಷ ಮೊದಲರ್ಧವನ್ನೇ ಕೂಗಿದ ನಾನು ಆ ಇನ್ನೊಂದು ಪದವನ್ನು ಒಮ್ಮೆಯೂ ಬಾಯಿಬಿಟ್ಟು ಕೂಗಿರಲಿಲ್ಲ.

“ಗಿರಣಿ,” ಅಂದೆ. ಇದ್ದಬದ್ದ ಗಂಟಲನ್ನೆಲ್ಲ ಹಾಕಿ.

ಷಡ್ಡಕ ತಿರುಗಿ ನೋಡಿದ. ನಾನು ನಗಲಿಲ್ಲ, ಹೊಟ್ಟೆಯ ಉರಿ ಇದ್ದಲ್ಲೇ ಇತ್ತು. ಅವನು ಅದೇ ಹಾಳು ದನಿಯಲ್ಲಿ ಮತ್ತೆ ಎಳೆದ. ಗೇಟಿನ ಸರಳುಗಳಾಚೆ, ಅಂಗಳದ ನಡುವೆ ಒಬ್ಬ ಮೂಟೆ ಹೊತ್ತುಕೊಂಡೇ ನಿಂತ. ಮೇಲೆ ಕಿಟಕಿಯ ಕಡೆ ನೋಡಿದ. ನಮ್ಮ ಕಡೆ ನೋಡಿದ. ಬಾಯಿ ತೆರೆದ.