ಹುಷಾರಾಗಿರು ಅಂದವನು

"ವಾರ್ನ್ ಮಾಡಿದ ಅಂತ ಬರೀಲೋ, ಥ್ರೆಟನ್ ಮಾಡಿದ ಅಂತ ಬರೀಲೋ?" ಠಾಣೆಯ ಟೈಪಿಸ್ಟ್ ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು.

ಮೇಲಧಿಕಾರಿಗೆ ಹೋಗುವ ಹೇಳಿಕೆ, ಇಂಗ್ಲಿಷಿನಲ್ಲೇ ಆಗಬೇಕಿತ್ತು. ನನ್ನ ತಂಗಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ನನಗೂ ಬಟ್ಟೆಯ ಚೀಟಿ ಓದುವಷ್ಟು ಮಾತ್ರ.

"ಎರಡೂ ಒಂದೇ ಅಲ್ವಾ ಸರ್?" ಎಂದೆ.

"ಅಕ್ಕಪಕ್ಕದ್ದೇ ಅಮ್ಮಾ. ಒಂದೊಂದು ಮಾತಿಗೂ ನಾಲ್ಕು ಪದ ಇಟ್ಕೊಂಡಿದ್ದಾರೆ, ನಮ್ಮ ಪ್ರಾಣ ತಿನ್ನೋಕೆ. ಮೊದಲನೇದು ಬರೆದ್ರೆ ಅವನಿಗೆ ಬುದ್ಧಿ ಹೇಳಿ ಈಗಲೇ ಮನೆಗೆ ಕಳಿಸ್ತಾರೆ. ಎರಡನೇದಕ್ಕೆ ಇಲ್ಲೇ ಕೂರಿಸ್ಕೋತಾರೆ."

ತಂಗಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಹಲಗೆಯ ಗೋಡೆಯಾಚೆ ಬೆಂಚಿನ ಮೇಲೆ ಅವಳ ಗಂಡ ಕೂತಿದ್ದ. ಅವನ ಕೆಮ್ಮು ನಮಗೆ ಕೇಳಿಸುತ್ತಿತ್ತು. ಹಾಗಾದರೆ ನಮ್ಮ ಮಾತು ಅವನಿಗೂ ಕೇಳಿಸುತ್ತದೆ.

"ಮೊದಲನೇದೇ ಸಾಕಕ್ಕಾ," ಅವಳು ಪಿಸುಗುಟ್ಟಿದಳು. "ಹುಷಾರಾಗಿರು ಅಂದ್ರು, ಅಷ್ಟೇ. ಒಲೆ ಹತ್ರ ನೈಲಾನ್ ಬಟ್ಟೆ ಹಾಕ್ಕೋಬೇಡ, ಬೇಗ ಹತ್ಕೊಳ್ಳುತ್ತೆ ಅಂದ್ರು. ಬೈಲೂ ಇಲ್ಲ."

ಅದೇ ಮಾತನ್ನು ನಾನೇ ಅವಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅವನು ಮನೆಗೆ ಹೋದರೆ ಇವಳನ್ನು ಎಲ್ಲಿಡಲಿ? ನನ್ನ ಮನೆಯ ದಾರಿ ಅವನಿಗೆ ಚೆನ್ನಾಗಿ ಗೊತ್ತು.

"ಅದನ್ನ ಹೇಳುವಾಗ ಎಲ್ಲಿ ನಿಂತಿದ್ದ?" ಅವಳನ್ನು ಕೇಳಿದೆ.

"ಅಡುಗೆಮನೇಲಿ."

"ಬಾಗಿಲು ತೆಗೆದಿತ್ತಾ?"

"ಚಿಲಕ ಹಾಕಿದ್ರು. ಒಳಗಿಂದ."

"ನೀನು ಒಲೆ ಹಚ್ಚಿದ್ದೆಯಾ?"

ಅವಳು ತಲೆ ತಗ್ಗಿಸಿದಳು. "ಗ್ಯಾಸ್ ತಿರುಗಿಸಿದ್ದು ಅವರೇ. ಹಚ್ಲಿಲ್ಲ. ವಾಸನೆ ತುಂಬ್ಕೊಳ್ಳೋವರೆಗೂ ಬೆಂಕಿಪೊಟ್ಟಣ ಹಿಡ್ಕೊಂಡು ನನ್ನೇ ನೋಡ್ತಾ ನಿಂತಿದ್ರು. ಆಮೇಲೆ ತಮಾಷೆಗೆ ಕಣೇ ಅಂದ್ರು."

ಟೈಪಿಸ್ಟ್ ಕೀಲಿಮಣೆಯಿಂದ ಕೈ ತೆಗೆದರು.

"ಹುಷಾರು ಅನ್ನೋನು ಗ್ಯಾಸ್ ಆರಿಸ್ತಾನೆ ಕಣೇ, ಬಿಡಲ್ಲ," ಎಂದೆ. "ಸರ್, ಎರಡನೇದು ಬರೀರಿ."

"ನೀವು ಹೇಳಿದ್ರೆ ಆಗಲ್ಲಮ್ಮಾ. ಅವರ ಬಾಯಲ್ಲೇ ಬರಬೇಕು."

ಆಚೆ ಮತ್ತೆ ಕೆಮ್ಮು. ಈ ಸಲ ಬೇಕೆಂದೇ ಕೆಮ್ಮಿದಂತಿತ್ತು. ತಂಗಿ ಹಲಗೆಯ ಗೋಡೆಯತ್ತ ನೋಡಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಬಟ್ಟೆ ಬೆವರಿಗೆ ಅಂಟಿಕೊಂಡಿತ್ತು.

"ಥ್ರೆಟನ್," ಎಂದಳು.

ಕೆಮ್ಮು ನಿಂತಿತು. ಬೆಂಚು ಕಿರುಗುಟ್ಟಿತು. "ಕೂತ್ಕೊಳ್ಳಯ್ಯಾ!" ಎಂದು ಪೇದೆ ಗದರಿದ್ದು ಕೇಳಿಸಿತು. ಟೈಪಿಸ್ಟ್ ಎದ್ದು ನಮ್ಮ ಕೋಣೆಯ ಚಿಲಕ ಹಾಕಿದರು. ಆ ಸದ್ದಿಗೆ ತಂಗಿ ಬೆಚ್ಚಿಬಿದ್ದು ನನ್ನನ್ನು ಅಪ್ಪಿಕೊಂಡಳು.

"ಇದು ಅವನು ಹಾಕಿದ್ದಲ್ಲ ಕಣೇ," ಎಂದೆ.